ದೂರದ ಹಿಮ ನುಣ್ಣಗೆ

ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊದಲ್ಲಿ ಬಿಯೆ ಅಂತ ಒಂದು ಊರಿದೆ. 2016ರ ಫೆಬ್ರವರಿ 24ರಂದು ಅಲ್ಲಿನ ರೈತರೊಬ್ಬರು ತಮ್ಮ ಹೊಲದಲ್ಲಿದ್ದ ಒಂದು ಮರವನ್ನು ಉರುಳಿಸಿದರು. ಒಂಟಿ ಪಾಪ್ಲರ್ ಮರ. ತುಸು ವಾಲಿಕೊಂಡು, ಏನೋ ಯೋಚನೆಯಲ್ಲಿ ನಿಂತ ಹಾಗೆ ಕಾಣುತ್ತಿತ್ತು. ಅದಕ್ಕೇ ಜನ ಅದನ್ನು 'ತತ್ವಜ್ಞಾನಿ ಮರ' ಅನ್ನುತ್ತಿದ್ದರು. ಮರಕ್ಕೆ ವಯಸ್ಸಾಗಿತ್ತು, ನಿಜ. ಆದರೆ ರೈತರಿಗೆ ಸಾಕಾಗಿದ್ದು ಫೋಟೋ ತೆಗೆಯಲು ಬರುವವರಿಂದ. ಎಷ್ಟು ಹೇಳಿದರೂ ಅವರು ಹೊಲ ತುಳಿಯುವುದು ನಿಲ್ಲಲಿಲ್ಲ.

ಹಿಮ ಬಿದ್ದ ಹೊಲ ನೋಡುವವರಿಗೆ ಖಾಲಿ ಜಾಗ. ರೈತರಿಗೆ ಅಲ್ಲ. ಚಳಿಗೆ ಮುಂಚೆ ಬಿತ್ತಿದ ಗೋಧಿ ಆ ಹಿಮದ ಕೆಳಗೇ ಮಲಗಿರುತ್ತದೆ. ಬೂಟಿಗೆ ಅಂಟಿದ ಮಣ್ಣಿನ ಜೊತೆ ರೋಗ, ಹುಳ ಬರುತ್ತವೆ ಅನ್ನುವ ಭಯ ಬೇರೆ. ಇದ್ಯಾವುದೂ ಫೋಟೋದಲ್ಲಿ ಕಾಣುವುದಿಲ್ಲ. ಅಲ್ಲಿ ಕಾಣುವುದು ಬಿಳಿ ಹಾಳೆಯ ಮೇಲೆ ಎಳೆದಂಥ ಒಂದು ಕಪ್ಪು ಗೆರೆ. ಆ ಚಂದವೇ ಮರಕ್ಕೆ ಮುಳುವಾಯಿತು.

ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಹಿಮಕ್ಕೆ ಆ ಮಾತು ಇನ್ನೂ ಜಾಸ್ತಿ ಒಪ್ಪುತ್ತದೆ. ಹಿಮವನ್ನು ಒಮ್ಮೆಯೂ ಮುಟ್ಟದವರು ಕೂಡ ಹೆಪ್ಪುಗಟ್ಟಿದ ಸರೋವರದ ಫೋಟೋ ಕಂಡರೆ ಬೆರಳು ನಿಲ್ಲಿಸುತ್ತಾರೆ, ನಾಲ್ಕು ಜನಕ್ಕೆ ಕಳಿಸುತ್ತಾರೆ. ಈ ಮೋಹ ಫೋನಿನ ಜೊತೆ ಹುಟ್ಟಿದ್ದಲ್ಲ. ಕ್ಯಾಮೆರಾಗಿಂತಲೂ ಹಳೆಯದು.

ಪೀಟರ್ ಬ್ರೂಗಲ್ ಅನ್ನುವ ಫ್ಲೆಮಿಶ್ ಚಿತ್ರಕಾರ 1565ರಲ್ಲಿ ಹಿಮದಲ್ಲಿ ಮನೆಗೆ ಮರಳುವ ಬೇಟೆಗಾರರ ಚಿತ್ರ ಬರೆದ. ಆ ಕಾಲದ ಯುರೋಪಿನಲ್ಲಿ ಚಳಿ ಇಂದಿಗಿಂತ ಕಠಿಣ. ಹವಾಮಾನ ಓದುವವರು ಅದನ್ನು 'ಪುಟ್ಟ ಹಿಮಯುಗ' ಅಂತಾರೆ. ಚಿತ್ರದಲ್ಲಿ ಬೇಟೆಗಾರರಿಗೆ ಸಿಕ್ಕಿದ್ದು ಒಂದು ಬಡಕಲು ನರಿ. ನಾಯಿಗಳು ಸುಸ್ತಾಗಿ ತಲೆ ತಗ್ಗಿಸಿವೆ. ಕೆಳಗೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಜನ ಜಾರುತ್ತಾ ಆಡುತ್ತಿದ್ದಾರೆ. ಕಷ್ಟ, ಆಟ ಎರಡೂ ಒಂದೇ ಚೌಕಟ್ಟಿನಲ್ಲಿವೆ. ಇನ್ನೊಂದು ತಮಾಷೆ ಇದೆ. ಚಿತ್ರದ ಹಿಂದೆ ಚೂಪಾದ ಕಲ್ಲಿನ ಬೆಟ್ಟಗಳಿವೆ, ಆದರೆ ಬ್ರೂಗಲ್‌ನ ನಾಡಿನಲ್ಲಿ ಅಂಥ ಬೆಟ್ಟಗಳೇ ಇಲ್ಲ. ಇಟಲಿಗೆ ಹೋಗುವಾಗ ನೋಡಿದ ಆಲ್ಪ್ಸ್ ಅನ್ನು ತಂದು ಇಲ್ಲಿ ಅಂಟಿಸಿದ್ದಾನೆ. ಇವತ್ತಿನವರು ಸಾಫ್ಟ್‌ವೇರ್‌ನಲ್ಲಿ ಆಕಾಶ ಬದಲಿಸಿದರೆ ನಾವು ಬೈಯುತ್ತೇವೆ ಅಲ್ವಾ?

ಆಗಿನ ಹೆಚ್ಚಿನವರಿಗೆ ಹಿಮದ ಬೆಟ್ಟ ಅಂದರೆ ದಾಟಬೇಕಾದ ಪೀಡೆ. ಅದು ಚಂದ ಅನ್ನಿಸಲು ಇನ್ನೂ ಸುಮಾರು 200 ವರ್ಷ ಬೇಕಾಯಿತು. 1757ರಲ್ಲಿ ಐರಿಶ್ ಚಿಂತಕ ಎಡ್ಮಂಡ್ ಬರ್ಕ್ ಇದಕ್ಕೊಂದು ವಿವರಣೆ ಕೊಟ್ಟ. ಭಯ ಹುಟ್ಟಿಸುವ ವಸ್ತು ತೀರಾ ಹತ್ತಿರ ಬಂದರೆ ಬರೀ ಭಯ, ತುಸು ದೂರದಿಂದ ನೋಡಿದರೆ ಅದೇ ಒಂಥರಾ ಸುಖ ಅಂದ. ಚಳಿಗಾಲದ ಫೋಟೋಗಳ ಗುಟ್ಟು ಹೆಚ್ಚೂಕಮ್ಮಿ ಇಷ್ಟೇ ಅಂತ ನನಗನ್ನಿಸುತ್ತದೆ. ಹಿಮಗಾಳಿ ಫೋನಿನೊಳಗಿದೆ, ನಾವು ಕಂಬಳಿಯೊಳಗಿದ್ದೇವೆ.

ಆದರೆ ಎಷ್ಟು ದೂರ ಇದ್ದರೆ ಸುಖ? ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಶ್‌ಗೆ ಅದರ ಲೆಕ್ಕ ತಪ್ಪಿತು. 1823–24ರಲ್ಲಿ ಅವನು ಬರೆದ ಚಿತ್ರದಲ್ಲಿ ಮಂಜುಗಡ್ಡೆಯ ಚಪ್ಪಡಿಗಳು ಒಂದರ ಮೇಲೊಂದು ಎದ್ದು ನಿಂತಿವೆ. ಪಕ್ಕದಲ್ಲಿ ನಜ್ಜುಗುಜ್ಜಾದ ಹಡಗಿನ ಒಂದು ತುದಿ ಮಾತ್ರ ಕಾಣುತ್ತದೆ. ಮನುಷ್ಯನ ಸುಳಿವೇ ಇಲ್ಲ. ಅವನು ಧ್ರುವದ ಕಡೆ ತಲೆ ಹಾಕಿದವನೇ ಅಲ್ಲ. ಎಲ್ಬ್ ನದಿಯಲ್ಲಿ ತೇಲಿ ಬಂದ ಗಡ್ಡೆಗಳನ್ನು ನೋಡಿ ಬರೆದಿದ್ದ. 1840ರಲ್ಲಿ ಅವನು ಸಾಯುವ ತನಕ ಆ ಚಿತ್ರ ಮಾರಾಟವಾಗಲಿಲ್ಲ. ಇವತ್ತು ಅದೇ ಬಗೆಯ ಚಿತ್ರ ಹಾಕಿದರೆ ಹೃದಯದ ಗುರುತುಗಳ ಮಳೆ.

ಇನ್ನು ಕ್ಯಾಮೆರಾ. 1839ರಲ್ಲಿ ಫೋಟೋಗ್ರಫಿ ಜಗತ್ತಿಗೆ ಗೊತ್ತಾಯಿತು. ಆದರೆ ಹಿಮದ ಹತ್ತಿರ ಹೋಗುವುದು ಸುಲಭ ಇರಲಿಲ್ಲ. 1861ರಲ್ಲಿ ಫ್ರಾನ್ಸಿನ ಆಗಸ್ಟ್ ರೊಸಾಲಿ ಬಿಸ್ಸೊನ್ ಸುಮಾರು 4,800 ಮೀಟರ್ ಎತ್ತರದ ಮೊಂಬ್ಲಾಂ ಶಿಖರ ಹತ್ತಿದ. ಹೊರೆ ಹೊರಲು 25 ಜನ. ಆಗ ಗಾಜಿನ ಫಲಕಕ್ಕೆ ರಾಸಾಯನಿಕ ಸವರಿ, ಅದು ಒದ್ದೆ ಇರುವಾಗಲೇ ಫೋಟೋ ತೆಗೆದು, ಅಲ್ಲೇ ತೊಳೆಯಬೇಕಿತ್ತು. ಕೈಯಲ್ಲಿ ಹತ್ತು ಹದಿನೈದು ನಿಮಿಷ, ಅಷ್ಟೇ. ತೊಳೆಯಲು ನೀರು ಬೇಕು ಅಂದರೆ ಹಿಮ ಕರಗಿಸಬೇಕು. ಇಷ್ಟೆಲ್ಲಾ ಪಾಡು ಪಟ್ಟು ಶಿಖರದಲ್ಲಿ ಅವನು ತೆಗೆದದ್ದು ಮೂರು ಫೋಟೋ. ಆಮೇಲೆ ಇಟಲಿಯ ವಿಟ್ಟೋರಿಯೊ ಸೆಲ್ಲಾ 30x40 ಸೆಂಟಿಮೀಟರಿನ ಗಾಜುಗಳನ್ನು ಹೊತ್ತು ಕಾಕಸಸ್ ಸುತ್ತಿದ. 1899ರಲ್ಲಿ ಕಾಂಚನಜುಂಗಾ ಬಳಸಿ ಬಂದ. 1909ರಲ್ಲಿ ಕೆ2 ಬುಡಕ್ಕೂ ಹೋದ.

ನನಗೆ ಮಾತ್ರ ಈ ಕಥೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಾಡುವವನು ಆಸ್ಟ್ರೇಲಿಯಾದ ಫ್ರಾಂಕ್ ಹರ್ಲಿ. ಅಂಟಾರ್ಕ್ಟಿಕಾಗೆ ಹೊರಟ ಸಾಹಸಿ ಶ್ಯಾಕಲ್ಟನ್ ಜೊತೆ, ಫೋಟೋ ತೆಗೆಯಲು 1914ರಲ್ಲಿ ಎಂಡ್ಯೂರೆನ್ಸ್ ಹಡಗು ಹತ್ತಿದವನು. ಅಂಟಾರ್ಕ್ಟಿಕಾದ ಹತ್ತಿರ ಹಡಗು ಗಡ್ಡೆಗಳ ನಡುವೆ ಸಿಕ್ಕಿಕೊಂಡಿತು. 1915ರ ಆಗಸ್ಟ್‌ನ ಒಂದು ಕಗ್ಗತ್ತಲ ರಾತ್ರಿ ಹರ್ಲಿ ಹಡಗಿನ ಸುತ್ತ ಸುಮಾರು 20 ಕಡೆ ಫ್ಲ್ಯಾಷ್ ಪುಡಿ ಇಟ್ಟು ಸಿಡಿಸಿದ. ಕಪ್ಪು ಆಕಾಶದ ಮುಂದೆ ಹಡಗು ಅಸ್ಥಿಪಂಜರದ ಹಾಗೆ ಬೆಳ್ಳಗೆ ನಿಂತಿತು. ಬೆಳಕಿಗೆ ಕಣ್ಣು ಕತ್ತಲೆಯಾಗಿ ಅವನೇ ದಾರಿ ತಪ್ಪಿ ಎಡವಿ ಬಿದ್ದ. ಕೊನೆಗೆ ನವೆಂಬರ್‌ನಲ್ಲಿ ಹಡಗು ಮುಳುಗಿತು. ಅದಕ್ಕೆ ಮುಂಚೆಯೇ ಅವನು ಕೊರೆಯುವ ನೀರಿಗಿಳಿದು ಗಾಜಿನ ನೆಗೆಟಿವ್‌ಗಳ ಡಬ್ಬಿಗಳನ್ನು ಎತ್ತಿದ್ದ. ಎಲ್ಲವನ್ನೂ ಹೊರಲು ಸಾಧ್ಯವಿರಲಿಲ್ಲ. ಅವನೂ ಶ್ಯಾಕಲ್ಟನ್ನೂ ಮಂಜುಗಡ್ಡೆಯ ಮೇಲೆ ಕೂತು ಸುಮಾರು 120 ಆರಿಸಿಕೊಂಡರು. ಉಳಿದ ಸುಮಾರು 400 ಗಾಜುಗಳನ್ನು ಅಲ್ಲೇ ಒಡೆದು ಹಾಕಿದರು, ಆಮೇಲೆ ಮನಸ್ಸು ಬದಲಾಗದಿರಲಿ ಅಂತ. ಫೋನು ತುಂಬಿತು ಅಂತ ಫೋಟೋ ಅಳಿಸುವಾಗೆಲ್ಲ ನನಗೆ ಆ ಗಾಜಿನ ಸದ್ದು ನೆನಪಾಗುತ್ತದೆ.

ಅಷ್ಟು ಧೈರ್ಯದ ಮನುಷ್ಯ ಕೈಚಳಕದಲ್ಲೂ ಹಿಂದೆ ಬೀಳಲಿಲ್ಲ. ಹಡಗು ಮುಳುಗಿದ ಮೇಲೆ ಒಂದು ದ್ವೀಪ ಸೇರಿ ಅಲ್ಲೇ ಉಳಿದವರನ್ನು 1916ರಲ್ಲಿ ಕಾಪಾಡಿದ ಕ್ಷಣ ಅಂತ ಪ್ರಸಿದ್ಧವಾದ ಅವನ ಫೋಟೋ, ನಿಜಕ್ಕೆ ಸಹಾಯ ಹುಡುಕಿ ದೋಣಿ ಹೊರಟ ದಿನದ್ದು. ಅದನ್ನೇ ತಿದ್ದಿ ತೋರಿಸಲಾಗಿತ್ತು. ಹೊರಡುವವರಿಗೆ ಕೈ ಬೀಸಿದ್ದು, ಬರುವವರಿಗೆ ಕೈ ಬೀಸಿದ ಹಾಗಾಯಿತು.

ತಿದ್ದುವುದಕ್ಕೆ ಇನ್ನೊಂದು ದಾರಿಯೂ ಇತ್ತು. 1927ರ ಏಪ್ರಿಲ್ 10ರಂದು ಅಮೆರಿಕದ ಆನ್ಸೆಲ್ ಆಡಮ್ಸ್ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯ ಎದುರು ನಿಂತಿದ್ದ. ಉಳಿದಿದ್ದು ಫೋಟೋ ತೆಗೆಯುವ ಗಾಜಿನ ಪ್ಲೇಟು ಎರಡೇ. ಹಳದಿ ಫಿಲ್ಟರ್ ಹಾಕಿ ಒಂದು ತೆಗೆದ. ತನಗೆ ಅನ್ನಿಸಿದ ಗಾಂಭೀರ್ಯ ಇದರಲ್ಲಿ ಬರುವುದಿಲ್ಲ ಅಂತ ಗೊತ್ತಾಯಿತು. ಕೊನೆಯ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್ ಹಾಕಿದ. ಕೆಂಪು ಗಾಜು ನೀಲಿ ಬೆಳಕನ್ನು ತಡೆಯುತ್ತದೆ, ಹಾಗಾಗಿ ನೀಲಿ ಆಕಾಶ ಹೆಚ್ಚುಕಮ್ಮಿ ಕಪ್ಪಾಯಿತು. ಕೆಳಗಿನ ಹಿಮ ಹೊಳೆಯಿತು. ಕಂಡದ್ದಕ್ಕಿಂತ ಅನ್ನಿಸಿದ್ದನ್ನು ತೋರಿಸುವ ಈ ಚಟ ಇಂದಿನ ಪ್ರತಿ ಫೋನಿನಲ್ಲೂ ಇದೆ. ಒಂದೇ ವ್ಯತ್ಯಾಸ, ಈಗ ಪ್ಲೇಟು ಖಾಲಿಯಾಗುವುದಿಲ್ಲ.

ಅಷ್ಟಕ್ಕೂ ಹಿಮವನ್ನು ತಿದ್ದದೆ ತೋರಿಸುವುದೇ ಕಷ್ಟ. ಕ್ಯಾಮೆರಾದ ಬೆಳಕಿನ ಅಳತೆ, ಎದುರಿಗಿರುವುದು ಸಾಧಾರಣ ಬೂದು ಬಣ್ಣದ್ದು ಅಂದುಕೊಂಡೇ ಲೆಕ್ಕ ಹಾಕುತ್ತದೆ. ಹೊಸ ಹಿಮವಾದರೋ ಬಿದ್ದ ಬೆಳಕಿನಲ್ಲಿ ಶೇ 80ರಿಂದ 90ರಷ್ಟನ್ನು ವಾಪಸ್ ಎಸೆಯುತ್ತದೆ. ಕ್ಯಾಮೆರಾ ಇದು ಜಾಸ್ತಿ ಆಯಿತು ಅಂತ ಬೆಳಕು ಇಳಿಸುತ್ತದೆ. ಹಾಲಿನ ಬಿಳುಪು ಬೂದಿಯಾಗುತ್ತದೆ. ಅದಕ್ಕೇ ಪಳಗಿದವರು ಬೇಕೆಂದೇ ಒಂದೆರಡು ಸ್ಟಾಪ್, ಅಂದರೆ ಒಂದೆರಡು ಮೆಟ್ಟಿಲು, ಬೆಳಕು ಏರಿಸುತ್ತಾರೆ. ನೆರಳು ನೀಲಿ ಕಾಣುವುದು ಮಾತ್ರ ಸುಳ್ಳಲ್ಲ. ಬಿಸಿಲು ಬೀಳದ ಕಡೆ ಆಕಾಶದ ನೀಲಿ ಬೆಳಕೇ ಬೀಳುತ್ತದೆ, ಬಿಳಿ ಹಿಮ ಅದನ್ನೇ ತೋರಿಸುತ್ತದೆ. ದಪ್ಪ ಗಡ್ಡೆ ನೀಲಿಯಾಗಿರಲು ಕಾರಣ ಬೇರೆ, ಅದು ಕೆಂಪು ಬೆಳಕನ್ನು ನುಂಗಿಬಿಡುತ್ತದೆ. ಇನ್ನು ಉತ್ತರದ ಬೆಳಕುಗಳು, ಅಂದರೆ ಅರೋರಾ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಸರಿಯಾಗಿ ತಿಳಿಯುವುದಿಲ್ಲ. ಕ್ಯಾಮೆರಾ ಕೆಲವು ಸೆಕೆಂಡು ಕಣ್ಣು ತೆರೆದಿಟ್ಟು ಹಸಿರನ್ನೆಲ್ಲ ಕೂಡಿಹಾಕುತ್ತದೆ. ಸಾವಿರಾರು ಮೈಲಿ ಹೋಗಿ ಎಷ್ಟೋ ಸಲ ಮಸುಕಾದ ಬೂದು ಪಟ್ಟಿ ನೋಡಿದವರ ನಿರಾಸೆ ಇಲ್ಲಿಂದ ಬಂದದ್ದು.

ಇಂಟರ್ನೆಟ್ ಬಂದ ಮೇಲೆ ಚಳಿಗಾಲದ ಫೋಟೋ ಮೊದಲು ಓಡಾಡಿದ್ದು ಈಮೇಲ್ ಮೂಲಕ. 'ಎಲ್ಲರಿಗೂ ಕಳಿಸಿ' ಅನ್ನುವ ಕಾಲ ಅದು. ಸಮುದ್ರದ ಅಲೆ ಏಳುತ್ತಿದ್ದ ಹಾಗೇ ಹೆಪ್ಪುಗಟ್ಟಿತು ಅಂತ ಒಂದು ನೀಲಿ ಫೋಟೋ ವರ್ಷಗಟ್ಟಲೆ ಸುತ್ತಿತು. ಫೋಟೋ ಸಾಚಾ, ಅಂಟಾರ್ಕ್ಟಿಕಾದ್ದೇ. ಕಥೆ ಸುಳ್ಳು. ಎದ್ದ ಅಲೆ ಒಂದು ಕ್ಷಣಕ್ಕೆ ಗಡ್ಡೆಯಾಗಲು ಸಾಧ್ಯವಿಲ್ಲ. ಅದು ಭಾರಕ್ಕೆ ಒತ್ತಿ ಒತ್ತಿ ಗಟ್ಟಿಯಾದ ಹಳೆಯ ಮಂಜುಗಡ್ಡೆ, ಕರಗುತ್ತಾ ಹೆಪ್ಪುಗಟ್ಟುತ್ತಾ ನಯವಾದದ್ದು. ಉತ್ತರ ಧ್ರುವದಲ್ಲಿ ಪುಟ್ಟ ಸೂರ್ಯನ ಮೇಲೆ ದೊಡ್ಡ ಚಂದ್ರ ನಿಂತ ಇನ್ನೊಂದು ಚಿತ್ರವೂ ಓಡಾಡಿತು. ಅದು ಕಂಪ್ಯೂಟರಿನಲ್ಲಿ ಮಾಡಿದ ಕಲೆ. ಭೂಮಿಯ ಮೇಲೆ ಎಲ್ಲಿ ನಿಂತರೂ ಸೂರ್ಯ, ಚಂದ್ರ ಕಣ್ಣಿಗೆ ಸುಮಾರು ಒಂದೇ ಗಾತ್ರ. ಆದರೂ ಜನ ನಂಬಿದರು. ಯಾಕೆಂದರೆ ಧ್ರುವ ಅಂದರೆ ಏನು ಬೇಕಾದರೂ ಆಗಬಹುದಾದ ಜಾಗ. ಹೋಗಿ ನೋಡಿದವರು ಯಾರಿದ್ದಾರೆ?

2004ರಲ್ಲಿ ಫೋಟೋ ಹಂಚುವ ತಾಣ ಫ್ಲಿಕರ್ ಬಂತು, 2010ರಲ್ಲಿ ಇನ್‌ಸ್ಟಾಗ್ರಾಂ. ಅಂಗೈಯಗಲದ ಪರದೆಯಲ್ಲಿ ಹಿಮಕ್ಕೆ ಒಂದು ಲಾಭವಿತ್ತು. ಕಾಡು, ಸಂತೆ, ಬೀದಿಗಳ ಫೋಟೋ ಚಿಕ್ಕದಾದರೆ ಕಲಸುಮೇಲೋಗರ. ಹಿಮ ಮಾತ್ರ ಬೇಲಿ, ಕಸ, ರಸ್ತೆ, ಗಾಡಿಯ ಗುರುತು ಎಲ್ಲವನ್ನೂ ಮೊದಲೇ ಮುಚ್ಚಿಟ್ಟಿರುತ್ತದೆ. ಉಳಿಯುವುದು ಒಂದು ಮರ, ನಾರ್ವೆಯ ಲೊಫೊಟೆನ್‌ನ ಒಂದು ಕೆಂಪು ಮನೆ, ಇಲ್ಲವೇ ಬೆನ್ನು ತೋರಿಸಿ ನಿಂತ ಹಳದಿ ಜಾಕೆಟ್ಟು. ಬೆರಳು ಎಷ್ಟೇ ವೇಗವಾಗಿ ಸರಿದರೂ ಕಣ್ಣು ಅದನ್ನು ಹಿಡಿಯುತ್ತದೆ. ಕೆನಡಾದ ಏಬ್ರಹಾಂ ಸರೋವರ ಪ್ರಸಿದ್ಧವಾದದ್ದೂ ಹೀಗೇ. ಮಂಜುಗಡ್ಡೆಯೊಳಗೆ ತಟ್ಟೆಗಳನ್ನು ಜೋಡಿಸಿದ ಹಾಗೆ ಬಿಳಿ ಗುಳ್ಳೆಗಳು. ತಳದಲ್ಲಿ ಕೊಳೆತ ಗಿಡಗಂಟಿಯಿಂದ ಏಳುವ ಮೀಥೇನ್ ಅನಿಲ ಅದು. ಅದು ಸಹಜ ಸರೋವರವೂ ಅಲ್ಲ. 1972ರಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರು. ನೀರು ಏರಿಳಿಯುವ ಕಾರಣ ಗಡ್ಡೆ ಎಲ್ಲಿ ತೆಳ್ಳಗಿದೆ ಅಂತ ಹೇಳುವುದು ಕಷ್ಟ.

ಬಿಯೆ ಊರಿನಲ್ಲಿ ಇದೆಲ್ಲಾ ಒಂದೇ ಕಡೆ ಸೇರಿತು. ಶಿಂಜೊ ಮಾಯೆದಾ ಅನ್ನುವ ಛಾಯಾಗ್ರಾಹಕ 1970ರ ದಶಕದಿಂದ ಅಲ್ಲಿನ ಹೊಲದಿಬ್ಬಗಳನ್ನು ತೆಗೆದು ಊರಿಗೆ ಹೆಸರು ತಂದಿದ್ದ. ಊರ ಹತ್ತಿರ ಒಂದು ನೀಲಿ ಕೊಳವೂ ಇದೆ. 1988ರಲ್ಲಿ ತೊಕಾಚಿ ಬೆಟ್ಟ ಬೆಂಕಿ ಕಾರಿದ ಮೇಲೆ, ಕೆಸರಿನ ಪ್ರವಾಹ ತಡೆಯಲು ಕಟ್ಟಿದ ಒಡ್ಡುಗಳ ನಡುವೆ ತಾನಾಗಿ ನಿಂತ ನೀರು. ನೀರಿನಲ್ಲಿರುವ ಅಲ್ಯೂಮಿನಿಯಂನ ಸಣ್ಣ ಕಣಗಳು ನೀಲಿ ಬೆಳಕನ್ನು ಚೆದುರಿಸುತ್ತವೆ. ಮೊದಲ ಹಿಮ ಬೀಳುವಾಗ ಕೆಂಟ್ ಶಿರೈಶಿ ತೆಗೆದ ಅದರ ಫೋಟೋವನ್ನು 2012ರಲ್ಲಿ ಆಪಲ್ ತನ್ನ ಕಂಪ್ಯೂಟರುಗಳ ಪರದೆಗೆ ಹಾಕಿತು. ಕೆಸರು ತಡೆಯಲು ಕಟ್ಟಿದ ಒಡ್ಡು ಪ್ರವಾಸಿ ತಾಣವಾಯಿತು. ಬಸ್ಸುಗಳು ಬಂದವು. 2016ರಲ್ಲಿ ಮರ ಹೋಯಿತು. 2025ರ ಜನವರಿಯಲ್ಲಿ, ಜನ ಫೋಟೋಗೆ ಮುಗಿಬೀಳುತ್ತಿದ್ದ ಸುಮಾರು 40 ಬರ್ಚ್ ಮರಗಳ ಸಾಲನ್ನೂ ಕಡಿದರು. ಫೋಟೋ ಹಂಚಿದವರಲ್ಲಿ ಎಷ್ಟು ಜನರಿಗೆ ಈ ಸುದ್ದಿ ತಲುಪಿತೋ.

ಐಸ್‌ಲ್ಯಾಂಡಿನ ಕಥೆ ಇನ್ನೂ ದೊಡ್ಡದು. 2010ರಲ್ಲಿ 5 ಲಕ್ಷದಷ್ಟು ಪ್ರವಾಸಿಗರು ಬರುತ್ತಿದ್ದ ದೇಶಕ್ಕೆ 2018ರಲ್ಲಿ ಬಂದವರು ಸುಮಾರು 23 ಲಕ್ಷ. ಇದಕ್ಕೆ ಫೋಟೋ ಒಂದೇ ಕಾರಣ ಅನ್ನಲಾಗದು, ವಿಮಾನಗಳು, ಪ್ರಚಾರ ಎಲ್ಲಾ ಸೇರಿತು. ಆದರೆ ಬಂದವರು ಹುಡುಕಿಕೊಂಡು ಹೋಗುವುದು ಮೊದಲೇ ಪರದೆಯಲ್ಲಿ ನೋಡಿದ್ದನ್ನು. ಕಪ್ಪು ಮರಳಿನ ಮೇಲೆ ವಜ್ರದ ಹಾಗೆ ಬಿದ್ದ ಗಡ್ಡೆಗಳ ದಡ ಅದರಲ್ಲೊಂದು. ಆ ಗಡ್ಡೆಗಳು ಬರುವುದು ಯೋಕುಲ್ಸಾರ್ಲೋನ್ ಅನ್ನುವ ಸರೋವರದಿಂದ. ಆ ಸರೋವರ 1930ರ ದಶಕಕ್ಕೆ ಮುಂಚೆ ಇರಲೇ ಇಲ್ಲ. ಹಿಮನದಿ ಹಿಂದೆ ಸರಿದಂತೆ ಉಂಟಾದ ಗುಂಡಿ ಅದು, ಈಗ 200 ಮೀಟರಿಗೂ ಜಾಸ್ತಿ ಆಳ. ದಡದ ಒಂದೊಂದು ವಜ್ರವೂ ಹಿಮನದಿಯಿಂದ ಮುರಿದು ಬಿದ್ದ ಚೂರು. ಅದೇ ಹಿಮನದಿಯ ಒಂದು ಕಡೆ 2024ರ ಆಗಸ್ಟ್‌ನಲ್ಲಿ ಗಡ್ಡೆಯ ಗೋಡೆ ಕುಸಿದು, ಗುಂಪಿನಲ್ಲಿ ಬಂದಿದ್ದ ಒಬ್ಬ ಪ್ರವಾಸಿ ಸತ್ತ. ಬರ್ಕ್ ಹೇಳಿದ ದೂರ ಅಲ್ಲಿ ಅಳಿಸಿಹೋಗಿತ್ತು.

ಸ್ವಿಟ್ಜರ್ಲೆಂಡಿನ ರೋನ್ ಹಿಮನದಿಯಲ್ಲಿ ಪ್ರವಾಸಿಗರಿಗೆ ಅಂತ ಗಡ್ಡೆಯೊಳಗೆ ಗುಹೆ ಕೊರೆಯುವ ಪದ್ಧತಿ 19ನೇ ಶತಮಾನದ್ದು. ಒಳಗೆ ನೀಲಿ ಬೆಳಕು, ನಯವಾದ ಗೋಡೆ. ಅಂಥ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಈಚಿನ ವರ್ಷಗಳಲ್ಲಿ ಬೇಸಿಗೆ ಬಂದರೆ ಗುಹೆಯ ಮೇಲೆ ದಪ್ಪ ಬಿಳಿ ಬಟ್ಟೆಗಳನ್ನು ಹೊದಿಸುತ್ತಾ ಬಂದಿದ್ದಾರೆ, ಬಿಸಿಲಿಗೆ ಕರಗದಿರಲಿ ಅಂತ. ಬಟ್ಟೆ ಗಾಳಿಗೆ ಹರಿಯುತ್ತದೆ, ಧೂಳು ಕೂತು ಮಾಸುತ್ತದೆ, ಮಡಿಕೆಗಳಿಂದ ನೀರು ತೊಟ್ಟಿಕ್ಕುತ್ತದೆ. ಗುಹೆಯೊಳಗೆ ನಿಂತು ಕ್ಯಾಮೆರಾ ಎತ್ತಿದವರಿಗೆ ಅದು ಕಾಣುವುದಿಲ್ಲ. ಹೊರಗೆ ಬಂದು ತಿರುಗಿ ನೋಡಬೇಕು.