ಗ್ರ್ಯಾಂಡ್ ಕ್ಯಾನ್ಯನ್ ಇಳಿಯೋ ಮುಂಚೆ ಬ್ಯಾಗಲ್ಲಿ ನಿಪ್ಪಟ್ಟು ಇದ್ಯಾ ನೋಡ್ಕೊಳ್ಳಿ

ನಾನು ಅರಿಜೋನಾದಲ್ಲಿ ಎಮರ್ಜೆನ್ಸಿ ಡಾಕ್ಟರು. ಮೇ-ಜೂನ್ ಬಂತು ಅಂದ್ರೆ ಇಲ್ಲಿನ ಕನ್ನಡದವರ ಮನೆಗಳಿಗೆ ಊರಿಂದ ಅಪ್ಪ ಅಮ್ಮ ಬಂದಿರ್ತಾರೆ, ಅವ್ರನ್ನ ಗ್ರ್ಯಾಂಡ್ ಕ್ಯಾನ್ಯನ್ನಿಗೆ ಕರ್ಕೊಂಡು ಹೋಗ್ತಾರೆ, ಹೋಗ್ಲೇಬೇಕು, ಆದ್ರೆ ಮೇಲಿಂದ ನೋಡಿ ಖುಷಿಯಾದ್ಮೇಲೆ "ಸ್ವಲ್ಪ ಕೆಳಗೆ ಹೋಗ್ಬರೋಣ" ಅಂತ ಹೊರಡ್ತಾರಲ್ಲ, ನನಗೆ ಭಯ ಆಗೋದು ಅಲ್ಲೇ.

ಕುಮಾರ ಪರ್ವತ ಹತ್ತಿದವರಿಗೆ ಗೊತ್ತಿರತ್ತೆ, ಕಷ್ಟ ಮೊದ್ಲೇ ಬರತ್ತೆ, ಆಗ್ಲಿಲ್ಲ ಅಂದ್ರೆ ಅರ್ಧದಿಂದಲೇ ಇಳಿದು ಬರಬಹುದು. ಇಲ್ಲಿ ಉಲ್ಟಾ. ಬ್ರೈಟ್ ಏಂಜೆಲ್ ಟ್ರೇಲ್ ಅನ್ನೋ ಕಾಲ್ದಾರೀಲಿ ನಾಲ್ಕೂವರೆ ಮೈಲಿ ಇಳಿದ್ರೆ ಹವಾಸುಪಾಯ್ ಗಾರ್ಡನ್ಸ್ ಅನ್ನೋ ಜಾಗ, ಅಷ್ಟರಲ್ಲಿ ಸುಮಾರು 3000 ಅಡಿ ಕೆಳಗೆ ಬಂದಿರ್ತೀವಿ, ಕಾಲು ತಾನಾಗೇ ಓಡ್ತಿರತ್ತೆ, ವಾಪಸ್ ಹತ್ತೋಕೆ ಮಾತ್ರ ಇಳಿದದ್ದರ ಎರಡರಷ್ಟು ಹೊತ್ತು ಬೇಕು, ಅದೂ ನಡು ಮಧ್ಯಾಹ್ನದ ಬಿಸಿಲಲ್ಲಿ. ಕೆಳಗೆ ಹೋದಷ್ಟೂ ಸೆಕೆ ಜಾಸ್ತಿ: ಜೂನಲ್ಲಿ ಸೌತ್ ರಿಮ್, ಅಂದ್ರೆ ಕಣಿವೆಯ ದಕ್ಷಿಣದ ಅಂಚಿನ ಮೇಲೆ 27 ಡಿಗ್ರಿ ಇದ್ರೆ ತಳದಲ್ಲಿ ನದಿ ಹತ್ರ 38 ದಾಟಿರತ್ತೆ. ಗಾಳಿ ಒಣ, ಬೆವರು ಬಂದಿದ್ದೇ ಗೊತ್ತಾಗಲ್ಲ, ಅಂಗಿ ಒಣಗೇ ಇರತ್ತೆ, ಆದ್ರೆ ಮೈಯಿಂದ ನೀರೂ ಉಪ್ಪೂ ಹೋಗ್ತಾನೇ ಇರತ್ತೆ.

ಒಂದ್ಸಲ ಅದೇ ದಾರೀಲಿ ಮೂರು ಮೈಲಿ ಕೆಳಗಿರೋ ರೆಸ್ಟ್‌ಹೌಸ್ ಹತ್ರ ಅರವತ್ತರ ಆಸುಪಾಸಿನ ನಮ್ಮವರೊಬ್ರು ನೆರಳಲ್ಲಿ ಕೂತಿದ್ರು. ಹೆಂಡ್ತಿ ಬಾಟ್ಲು ಹಿಡ್ಕೊಂಡು "ಇನ್ನೊಂದು ಗುಟುಕು ಕುಡೀರಿ" ಅಂತ ಒತ್ತಾಯ ಮಾಡ್ತಿದ್ರು. ನಾನು ಕೈ ಹಿಡಿದು ನೋಡಿದೆ, ಬೆರಳು ಊದಿ ಉಂಗುರ ಕಚ್ಕೊಂಡಿತ್ತು. ತಲೆನೋವು, ವಾಕರಿಕೆ, ಕೇಳಿದ್ದಕ್ಕೆ ಉತ್ತರ ತಡವಾಗಿ ಬರ್ತಿತ್ತು. ಬೆಳಿಗ್ಗೆಯಿಂದ ಲೀಟರ್‌ಗಟ್ಲೆ ನೀರು ಕುಡಿದಿದ್ರು, ತಿಂದಿದ್ದು ಒಂದೇ ಬಾಳೆಹಣ್ಣು. "ಅಮ್ಮಾ, ಇನ್ನು ನೀರು ಕೊಡ್ಬೇಡಿ" ಅಂದಾಗ ಅವ್ರು ಗಾಬರಿಯಿಂದ ನನ್ನ ಮುಖ ನೋಡಿದ್ರು. ರಕ್ತದಲ್ಲಿ ಸೋಡಿಯಂ, ಅಂದ್ರೆ ಉಪ್ಪಿನಂಶ, ಲೀಟರಿಗೆ 135ರಿಂದ 145 ಮಿಲಿಮೋಲ್ ಒಳಗೆ ಇರ್ಬೇಕು, ಬೆವರಲ್ಲಿ ಉಪ್ಪು ಹೋಗಿ ಮೇಲಿಂದ ಬರೀ ನೀರು ತುಂಬಿದ್ರೆ ಅದು ತೆಳುವಾಗತ್ತೆ, ತುಂಬಾ ಇಳಿದ್ರೆ ಮಿದುಳು ಊದ್ಕೊಂಡು ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಅಲ್ಲಿನ ಎಮರ್ಜೆನ್ಸಿ ಫೋನಿಂದ ಸಹಾಯ ಕರೆಸಿದ್ವಿ, ಅವ್ರು ಹುಷಾರಾದ್ರು.

ಅದಕ್ಕೇ ನಿಪ್ಪಟ್ಟು, ಕೋಡುಬಳೆ, ಖಾರದ ಅವಲಕ್ಕಿ, ಜೊತೆಗೆ ಓಆರ್‌ಎಸ್ ಪ್ಯಾಕೆಟ್. ಹಸಿವಿಲ್ದಿದ್ರೂ ಆಗಾಗ ತಿನ್ನಿ, ಬಾಯಾರಿದಾಗ ಕುಡೀರಿ. ನಲ್ಲಿ ಸಿಕ್ಕಲ್ಲೆಲ್ಲ ಅಂಗಿ, ಟೋಪಿ, ಕತ್ತು ಒದ್ದೆ ಮಾಡ್ಕೊಳ್ಳಿ, ಆ ಒಣ ಗಾಳೀಲಿ ಇದರಷ್ಟು ತಂಪು ಕೊಡೋದು ಬೇರೆ ಇಲ್ಲ. ನಲ್ಲೀಲಿ ನೀರು ಬರ್ತಿದ್ಯಾ ಅಂತ ರೇಂಜರ್ ಹತ್ರ ಮೊದ್ಲೇ ಕೇಳಿ, ಕೆಳಗಿಳಿಯೋ ಇನ್ನೊಂದು ದಾರಿ ಸೌತ್ ಕೈಬಾಬ್ ಟ್ರೇಲಲ್ಲಂತೂ ಹನಿ ನೀರೂ ಸಿಗಲ್ಲ. ಆದ್ರೆ ಮೈ ಕಾದು ಯಾರಾದ್ರೂ ಅಸಂಬದ್ಧ ಮಾತಾಡ್ತಿದ್ರೆ ಅದು ಹೀಟ್ ಸ್ಟ್ರೋಕ್ ಇರಬಹುದು, ಆಗ ಕುಡಿಸ್ತಾ ಕೂರ್ಬೇಡಿ, ಇರೋ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಹಾಕಿ, ಸಹಾಯ ಕರೆಸಿ.

ಇನ್ನು ಬಿಪಿ ಮಾತ್ರೆ. ಮೂತ್ರ ಹೆಚ್ಚು ಹೋಗೋ ಮಾತ್ರೆ ನೀರು-ಉಪ್ಪು ಎರಡನ್ನೂ ಕಳೀತದೆ, ಬೀಟಾ ಬ್ಲಾಕರ್ (ಹಾರ್ಟ್ ಬಡಿತ ನಿಧಾನ ಮಾಡೋ ಮಾತ್ರೆ) ತಗೊಳ್ಳೋರಿಗೆ ಹಾರ್ಟ್ ಬೇಕಾದಷ್ಟು ವೇಗ ಎತ್ತಲ್ಲ. ನೀವೇ ನಿಲ್ಲಿಸ್ಬೇಡಿ, ಹೊರಡೋಕೆ ಮುಂಚೆ ಡಾಕ್ಟರ್ ಹತ್ರ ಕೇಳಿ.

ಬೇಸಿಗೇಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಕಣಿವೆ ಒಳಗೆ ನಡೀಬೇಡಿ ಅಂತ ಪಾರ್ಕ್‌ನವ್ರೇ ಹೇಳ್ತಾರೆ. ನಮ್ಮಪ್ಪ ಅಮ್ಮ ಬಂದಾಗ ನಾನು ಬೆಳಿಗ್ಗೆ ಐದೂವರೆಗೆ ಇಳಿಯೋಕೆ ಶುರು ಮಾಡಿದ್ದೆ, ಒಂದೂವರೆ ಮೈಲಿ ರೆಸ್ಟ್‌ಹೌಸಿಂದ ತಿರುಗಿದ್ವಿ, ಹತ್ತು ಗಂಟೆ ಒಳಗೆ ಮೇಲೆ ಕೂತು ಮೊಸರನ್ನ ತಿಂತಿದ್ವಿ.