ಊರಿನವರೇ ಕಾವಲು ನಿಂತರೆ ಜಮೀನು ಕೈತಪ್ಪುತ್ತದೆಯೇ?

ಪ್ರಶ್ನೆ: ಕರಾವಳಿಯಲ್ಲಿ ಊರಿನವರೇ ಸಂಘ ಕಟ್ಟಿಕೊಂಡು ಕಾಡು, ಪ್ರಾಣಿ ಉಳಿಸುತ್ತಾರೆ ಎಂದು ಕೇಳುತ್ತೇವೆ. ಶಿರಾ, ಮಧುಗಿರಿ ಕಡೆಯ ನಾವೂ ಹಾಗೆ ಮಾಡಬಹುದೇ? ಮಾಡಿದರೆ ನಮ್ಮ ಜಮೀನು ಅರಣ್ಯ ಇಲಾಖೆಯ ಪಾಲಾಗುತ್ತದೆಯೇ?

ಉತ್ತರ: ಮಾಡಬಹುದು. ಜಮೀನು ಹೋಗುವುದಿಲ್ಲ, ಪಹಣಿಯಲ್ಲಿ ಹೆಸರು ನಿಮ್ಮದೇ ಇರುತ್ತದೆ. ಆದರೆ ಆ ಜಮೀನನ್ನು ನಾಳೆ ಲೇಔಟ್ ಮಾಡುತ್ತೇನೆ ಎಂದರೆ ಆಗುವುದಿಲ್ಲ. ಸಭೆಗಳಲ್ಲಿ ಮೊದಲ ಮಾತನ್ನಷ್ಟೇ ಹೇಳಿ ಎರಡನೆಯದನ್ನು ನುಂಗಿಕೊಳ್ಳುವುದರಿಂದಲೇ ಅನುಮಾನ ಹುಟ್ಟುವುದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾಗಿ ಎರಡು ಹೊಸ ದಾರಿ ತೆರೆದವು: ಸರ್ಕಾರಿ ಜಾಗಕ್ಕೆ ಸಂರಕ್ಷಣಾ ಮೀಸಲು, ಖಾಸಗಿ ಅಥವಾ ಊರೊಟ್ಟಿನ ಜಾಗಕ್ಕೆ ಸಮುದಾಯ ಮೀಸಲು. ಉತ್ತರ ಕನ್ನಡದಲ್ಲಿ ಸಿಂಗಳೀಕಗಳಿರುವ ಅಘನಾಶಿನಿ ಕಣಿವೆಗೆ 2011ರಲ್ಲಿ ಸಿಕ್ಕಿದ್ದು ಸಂರಕ್ಷಣಾ ಮೀಸಲು. ನಿಮ್ಮದೇ ಜಿಲ್ಲೆಗೆ ಅದಕ್ಕಿಂತ ಮೊದಲೇ, 2007ರಲ್ಲಿ ಸಿಕ್ಕಿತ್ತು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ, ಆಂಧ್ರದ ಗಡಿಗೆ ತಾಗಿದಂತಿರುವ ಸುಮಾರು 800 ಎಕರೆಯ ಜಯಮಂಗಲಿ ಕೃಷ್ಣಮೃಗ ಮೀಸಲು ಅದು. ಇಲ್ಲಿನ ನಿರ್ವಹಣಾ ಸಮಿತಿಯಲ್ಲಿ ಪಂಚಾಯಿತಿ ಪ್ರತಿನಿಧಿಗಳಿಗೂ ಸ್ವಯಂಸೇವಾ ಸಂಸ್ಥೆಗಳಿಗೂ ಜಾಗವಿದೆ. ಆದರೆ ಸಮಿತಿಯದು ಸಲಹೆ ಕೊಡುವ ಅಧಿಕಾರ ಮಾತ್ರ.

ಅಂದಹಾಗೆ, ಸಂಘ ಕಟ್ಟಿದ ಮರುದಿನವೇ ಹುಲ್ಲುಗಾವಲಿನಲ್ಲಿ ಸಸಿ ನೆಡಲು ಹೊರಡಬೇಡಿ. ಕೃಷ್ಣಮೃಗಕ್ಕೆ ಬೇಕಾದದ್ದು ದೂರದವರೆಗೆ ಕಣ್ಣು ಹಾಯುವ ಬಯಲು. ಅಪಾಯವನ್ನು ಮೊದಲೇ ಕಂಡು ಓಡಿ ಪಾರಾಗುವ ಪ್ರಾಣಿಯದು. ನೀಲಗಿರಿ ತೋಪು ಬೆಳೆಸಿ ಅದನ್ನು ಕಾಡು ಎಂದು ಕರೆದರೆ ಕೃಷ್ಣಮೃಗ ಬೇರೆ ಕಡೆಗೆ, ಬಹುಶಃ ನಿಮ್ಮ ಕಡಲೆಕಾಯಿ ಹೊಲಕ್ಕೇ ಹೋಗುತ್ತದೆ.

ಶಿರಾ ತಾಲ್ಲೂಕಿನ ಕಗ್ಗಲಡುವಿನ ಸಂಗತಿ ಬೇರೆ. ಅಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಗೂಡಿನ ಕೆಳಗೆ ಬಿಳಿ ಹಿಕ್ಕೆ, ಮರಿಗಳ ಬಾಯಿಂದ ಜಾರಿದ ಮೀನು, ಅದರ ವಾಸನೆ ಎಲ್ಲವೂ ಮನೆ ಬಾಗಿಲಲ್ಲೇ. ಹುಣಸೆ ಬಡಿಯುವ ಕಾಲವೂ ಕೊಕ್ಕರೆ ಗೂಡಿನಲ್ಲಿರುವ ಕಾಲವೂ ಒಂದರ ಮೇಲೊಂದು ಬೀಳುತ್ತವೆ. ಕೋಲು ಎತ್ತಿದರೆ ಗೂಡು ಉಳಿಯದು, ಎತ್ತದಿದ್ದರೆ ಆ ವರ್ಷದ ಫಸಲು ಕೈಗೆ ಬಾರದು. ಪ್ರೀತಿಯ ಮಾತು ಎಷ್ಟಾಡಿದರೂ ಈ ಲೆಕ್ಕ ತಪ್ಪುವುದಿಲ್ಲ. ಹೀಗೆಯೇ ಹಕ್ಕಿಗಳೊಂದಿಗೆ ಬಾಳುವ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿ ಬಂತು. 2007ರಲ್ಲಿ ಅದು ಸಮುದಾಯ ಮೀಸಲೂ ಆಯಿತು. ನೀವೂ ಮೊದಲು ಪರಿಹಾರದ ಮಾತನ್ನೇ ಎತ್ತಿ.

ಸಮುದಾಯ ಮೀಸಲನ್ನು ಸರ್ಕಾರ ತಾನಾಗಿ ಹೇರುವಂತಿಲ್ಲ. ಜಮೀನಿನವರು ಸ್ವಇಚ್ಛೆಯಿಂದ ಮುಂದೆ ಬಂದಿರಬೇಕು. ಘೋಷಣೆಯಾದ ಮೇಲೆ ಭೂಬಳಕೆ ಬದಲಿಸಲು ಸಮುದಾಯ ಮೀಸಲಿನ ನಿರ್ವಹಣಾ ಸಮಿತಿಯ ನಿರ್ಣಯ, ಸರ್ಕಾರದ ಒಪ್ಪಿಗೆ ಎರಡೂ ಬೇಕು. ಮನೆಯಲ್ಲಿ ಅಣ್ಣತಮ್ಮಂದಿರ ಪಾಲು ಇನ್ನೂ ಆಗಿಲ್ಲದಿದ್ದರೆ ಸಹಿ ಹಾಕುವ ಮುನ್ನ ಎಲ್ಲರನ್ನೂ ಕೂರಿಸಿ ಮಾತಾಡಿ.

ಇಷ್ಟಕ್ಕೆಲ್ಲ ಸಿದ್ಧರಿಲ್ಲದಿದ್ದರೆ, 2002ರ ಜೀವವೈವಿಧ್ಯ ಕಾಯ್ದೆಯಂತೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ವಿಚಾರಿಸಿ. ಎಷ್ಟೋ ಕಡೆ ಅದು ಕಡತದಲ್ಲಷ್ಟೇ ಇರುತ್ತದೆ. ಯಾವ ಸರ್ವೆ ನಂಬರಿನಲ್ಲಿ ಯಾವ ಮರ, ಯಾವ ತಿಂಗಳು ಎಷ್ಟು ಗೂಡು ಎಂದು ಬರೆದಿಟ್ಟು, ಆ ಪಟ್ಟಿಯನ್ನು ಗ್ರಾಮಸಭೆಯ ನಡಾವಳಿಗೆ ಸೇರಿಸಿ. ಅದರ ಪ್ರತಿಯೊಂದನ್ನು ಅರಣ್ಯ ಇಲಾಖೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ.