ಅದು ತೊದಲಲ್ಲ, ಮಾತು ಹಿಡಿದಿಟ್ಟುಕೊಳ್ಳುವ ಕೈ

ಬೆಳಗಾವಿಯಲ್ಲಿ ನನ್ನ ಹತ್ತಿರ ಕನ್ನಡ ಕಲಿಯಲು ಬರುವವರಲ್ಲಿ ಮರಾಠಿ ಮನೆಮಾತಿನವರಿದ್ದಾರೆ, ಹಿಂದಿ ಸೀಮೆಯಿಂದ ವರ್ಗವಾಗಿ ಬಂದ ಬ್ಯಾಂಕಿನವರೂ ಇದ್ದಾರೆ. ಎಲ್ಲರದ್ದೂ ಒಂದೇ ಸಂಕೋಚ: ‘ಮೇಡಂ, ಹೇಳಿದ್ದನ್ನೇ ಹೇಳ್ತೀನಿ, ತೊದಲಿದ ಹಾಗಾಗುತ್ತೆ.’

ಒಬ್ಬರ ಮಾತು ಹೀಗಿತ್ತು: ‘ನಾನು ನಿನ್ನೆ ಮಾರ್ಕೆಟ್… ಮಾರ್ಕೆಟ್… ಮಾರ್ಕೆಟಿಗೆ ಹೋಗಿದ್ದೆ.’ ಮಾರ್ಕೆಟ್ ಅನ್ನೋ ಪದ ಅವರಿಗೆ ಚೆನ್ನಾಗಿ ಗೊತ್ತು. ತೊಡಕಿರುವುದು ಅದರ ಮುಂದೆ. ‘ಗೆ’ ಹಚ್ಚಬೇಕೋ, ‘ಅಲ್ಲಿ’ ಹಚ್ಚಬೇಕೋ? ‘ಹೋಗಿದ್ದೆ’ನೋ, ‘ಹೋಗಿದ್ದ’ನೋ? ಅದಕ್ಕೇ ನಾನು ಮತ್ತೆ ಮತ್ತೆ ಬಂದ ಪದವನ್ನು ತಿದ್ದಲು ಹೋಗುವುದಿಲ್ಲ, ಅದರ ಬೆನ್ನಿಗೆ ಏನು ಬರುತ್ತದೆ ಅಂತ ಕಿವಿಗೊಡುತ್ತೇನೆ.

ಸುಮ್ನೆ ನಿಂತು ಯೋಚಿಸಬಹುದಲ್ವಾ? ಆಗುವುದಿಲ್ಲ. ಹತ್ತು ಭಾಷೆಗಳ ಮಾತುಕತೆ ಅಳೆದ 2009ರ ಅಧ್ಯಯನದ ಪ್ರಕಾರ, ಒಬ್ಬರು ಪ್ರಶ್ನೆ ಮುಗಿಸಿ ಇನ್ನೊಬ್ಬರು ಉತ್ತರ ಶುರು ಮಾಡುವ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡಿನಷ್ಟು. ಸ್ವಂತ ಭಾಷೆಯಲ್ಲೇ ಒಂದು ಚಿತ್ರ ನೋಡಿ ಹೆಸರು ಹೇಳಲು ಸುಮಾರು 600 ಮಿಲಿಸೆಕೆಂಡು ಬೇಕು. ಕಲಿಯುವವರು ಸುಮ್ಮನಾದರೆ ಮಾತು ಕೈ ತಪ್ಪಿತು. ಅದಕ್ಕೇ ಗೊತ್ತಿರುವ ಪದವನ್ನೇ ಮತ್ತೆ ಹೇಳಿ ಮಾತನ್ನು ಹಿಡಿದಿಟ್ಟುಕೊಳ್ಳುತ್ತಾರೆ. ನಮ್ಮ ಊರಲ್ಲಂತೂ ಎದುರಿನವರು ತಕ್ಷಣ ಮರಾಠಿಗೋ ಹಿಂದಿಗೋ ಹೊರಳುತ್ತಾರೆ. ಪ್ರೀತಿಯಿಂದಲೇ ಹೊರಳುತ್ತಾರೆ, ಆದರೆ ಆ ಹೊತ್ತಿನ ಕನ್ನಡ ಅಲ್ಲಿಗೇ ನಿಂತುಹೋಗುತ್ತದೆ. ದಯವಿಟ್ಟು ಎರಡು ಉಸಿರು ಕಾಯಿರಿ.

ಎದುರಿನವರ ಪದವನ್ನೇ ಮತ್ತೆ ನುಡಿಯುವುದು ಬೇರೆ ಬಗೆ. ದರ್ಜಿ ‘ನಾಳಿದ್ದು ಬರ್ರಿ’ ಅಂದರು. ನನ್ನ ವಿದ್ಯಾರ್ಥಿನಿ ‘ನಾಳಿದ್ದು?’ ಅಂದಳು. ಅವರು ಅದನ್ನೇ ಇನ್ನೂ ಜೋರಾಗಿ ಹೇಳಿದರು! ಅವಳು ಕಿವಿ ಕೇಳಿಸದೆ ಅಲ್ಲ, ಅರ್ಥ ಗೊತ್ತಿಲ್ಲದೆ ಕೇಳಿದ್ದು. ‘ನಾಳೆ ಬಿಟ್ಟು ಮರುದಿನ’ ಅಂತ ನಾನು ಹೇಳಿದೆ. ಆಗ ದನಿ ಇಳಿಸಿ, ತನಗೇ ಎಂಬಂತೆ, ‘ನಾಳಿದ್ದು… ನಾಳಿದ್ದು’ ಅಂದಳು. ಈ ಎರಡನೆಯದು ಪ್ರಶ್ನೆಯಲ್ಲ, ಪದವನ್ನು ನಾಲಿಗೆಗೆ ಕೂರಿಸಿಕೊಳ್ಳುವುದು.

ತರಗತಿಯಲ್ಲಿ ನಾನು ಬೇಕೆಂದೇ ಪುನರಾವರ್ತನೆ ಮಾಡಿಸುತ್ತೇನೆ. ಒಂದೇ ಸಂಗತಿಯನ್ನು ಮೂವರಿಗೆ ಹೇಳಬೇಕು: ಮೊದಲು 4 ನಿಮಿಷ, ಆಮೇಲೆ 3, ಕೊನೆಗೆ 2. ಏನು ಹೇಳಬೇಕೆಂಬ ಚಿಂತೆ ಕಳೆದು, ಹೇಗೆ ಹೇಳಬೇಕೆಂಬುದಕ್ಕೆ ಮನಸ್ಸು ಬಿಡುವಾಗುತ್ತದೆ. ಒಂದು ಎಚ್ಚರಿಕೆ: ತಪ್ಪೂ ಹೀಗೇ ಗಟ್ಟಿಯಾಗಬಹುದು. ಅದಕ್ಕೆ ಪ್ರತಿ ಸುತ್ತಿನ ನಡುವೆ ಒಂದೇ ಒಂದು ತಪ್ಪನ್ನು ತಿದ್ದುತ್ತೇನೆ, ಜಾಸ್ತಿ ಬೇಡ.

ಅಂಗಡಿಯಿಂದ ಹೊರಡುವಾಗ ಅವಳು ದರ್ಜಿಯ ಕಡೆ ತಿರುಗಿ, ಎಲ್ಲೂ ತಡೆಯದೆ, ‘ನಾಳಿದ್ದು ಬರ್ತೀನ್ರಿ’ ಅಂದಳು.